ಎತ್ತಂಗಡಿ

ಫೆಬ್ರವರಿ 5, ಸೋಮವಾರ

ಮತ್ತೆ ಎತ್ತಂಗಡಿ. ಈ ಸಲ ನೆಲಮಾಳಿಗೆಯಿಂದ ಮೂರನೇ ಮಹಡಿಗೆ, ಲಿಫ್ಟಿನ ಪಕ್ಕಕ್ಕೆ. ನಮ್ಮ ಶಾಪಿಂಗ್ ಮಾಲಿಗೆ ಇಪ್ಪತ್ತೈದು ವರ್ಷ ತುಂಬುತ್ತಿದೆಯಂತೆ, ಅದಕ್ಕೆ ಮೂರನೆಯ ಕಟ್ಟಡ ಎಬ್ಬಿಸುತ್ತಿದ್ದಾರೆ. ಅದು ಮುಗಿಯುವವರೆಗೆ ನೆಲಮಾಳಿಗೆಯ ಅಂಗಡಿಗಳೆಲ್ಲ ಖಾಲಿ. ಹೊಸ ಮ್ಯಾನೇಜರ್ ನಗುನಗುತ್ತಲೇ ಬಂದು ಹೇಳಿಹೋದ. ಈ ಮನುಷ್ಯ ಯಾವ ಮಾತನ್ನಾದರೂ 'ಸದ್ಯಕ್ಕೆ' ಎಂದೇ ಶುರು ಮಾಡುತ್ತಾನೆ. ಸದ್ಯಕ್ಕೆ ಇಲ್ಲಿರಿ, ಸದ್ಯಕ್ಕೆ ಒಂದೇ ದೀಪ ಇರುತ್ತೆ, ಸದ್ಯಕ್ಕೆ ಬೋರ್ಡು ಹಾಕಬೇಡಿ. ನಾನು ಅವನಿಗೆ ಸದ್ಯಕ್ಕೆ ಎಂದೇ ಹೆಸರಿಟ್ಟಿದ್ದೇನೆ.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಕೊಟ್ಟಿರುವುದು ಒಂದೇ ಗೂಡಂಗಡಿ. ನನಗೂ ಅವಳಿಗೂ ಸೇರಿ ಒಂದೇ.

ಅವಳು ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮಾವನ ಅಂಗಡಿ ಅಣ್ಣತಮ್ಮಂದಿರ ನಡುವೆ ಎರಡು ಪಾಲಾದಾಗ ಗುಂಡಿ, ನೂಲು, ಜಿಪ್ಪು, ಲೇಸು ನಮ್ಮ ಪಾಲಿಗೆ ಬಂತು, ಹೊಲಿಗೆ ಮಿಶನ್ನು ಅವರ ಪಾಲಿಗೆ ಹೋಯಿತು. ಪ್ಯಾಂಟಿನ ಉದ್ದ ಕತ್ತರಿಸುವುದು, ಸೊಂಟ ಬಿಗಿ ಮಾಡುವುದು, ತೋಳು ಇಳಿಸುವುದು ಅವಳ ಕೆಲಸ. ಅಂಗಡಿಗಳು ಯಾವಾಗಲೂ ಪಕ್ಕಪಕ್ಕದಲ್ಲೇ, ನಡುವೆ ಒಂದು ಗೋಡೆ. ಆ ಗೋಡೆಯ ದಯೆಯಿಂದ ಇಷ್ಟು ವರ್ಷ ಮಾತಿಲ್ಲದೆ ಸುಖವಾಗಿದ್ದೆವು. ನನ್ನ ಜಿಪ್ಪು ಒಂದು ತಿಂಗಳೂ ಬಾಳಿಕೆ ಬರುವುದಿಲ್ಲ ಎಂದು ನನ್ನ ಗಿರಾಕಿಯ ಮುಂದೆಯೇ ಅಂದವಳು ಅವಳು. ಬೇರೆಯವರು ಮರೆತಿರಬಹುದು, ನಾನು ಮರೆತಿಲ್ಲ. ಮೈದುನ ತೀರಿಕೊಂಡಾಗ ಹೋಗಿ ಕೂತು ಬಂದೆ, ಆಗಲೂ ಇಬ್ಬರಿಗೂ ಬಾಯಿ ಬರಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಒಳ್ಳೇದೇ ಆಯ್ತು, ಒಂದೇ ಬೀಗ ಸಾಕು" ಅಂದರು. ಮಂಡಿನೋವೆಂದು ಅಂಗಡಿಯನ್ನು ನನ್ನ ತಲೆಗೆ ಕಟ್ಟಿ ಮನೆ ಹಿಡಿದ ಮೇಲೆ ಇವರಿಗೆ ಎಲ್ಲದರಲ್ಲೂ ತಮಾಷೆಯೇ ಕಾಣುತ್ತದೆ.

ಫೆಬ್ರವರಿ 7, ಬುಧವಾರ

ನಾನು ಎಡಗೈ ಚಾಚಿದರೆ ಅವಳ ಮಿಶನ್ನು, ಅವಳು ಬಲಗೈ ಚಾಚಿದರೆ ನನ್ನ ಗುಂಡಿ ಡಬ್ಬ. ಬೆನ್ನ ಹಿಂದೆ ಲಿಫ್ಟು. ಬಾಗಿಲು ತೆರೆದಾಗಲೆಲ್ಲ ಅದು 'ಮೂರನೇ ಮಹಡಿ' ಎನ್ನುತ್ತದೆ, ನಾವು ಮರೆತುಬಿಟ್ಟಿರುತ್ತೇವೇನೋ ಎನ್ನುವ ಹಾಗೆ. ತಲೆಯ ಮೇಲೆ ಡ್ರಿಲ್ಲು. ಸ್ಪೀಕರಿನಲ್ಲಿ ಬೆಳಗಿನಿಂದ ಸಂಜೆವರೆಗೆ ಅದೇ ವಾದ್ಯಸಂಗೀತ. ಇವೆಲ್ಲದರ ಮೇಲೆ ಅವಳು ಗುನುಗುತ್ತಾಳೆ. ಒಂದು ಪೂರ್ತಿ ಹಾಡನ್ನಾದರೂ ಗುನುಗಬಾರದೇ? ಅರ್ಧ ಸಾಲು, ನಿಲುಗಡೆ, ಮತ್ತದೇ ಅರ್ಧ ಸಾಲು. ಸಂಜೆಯ ಹೊತ್ತಿಗೆ ತಲೆ ಚಿಟ್ಟು ಹಿಡಿದಿತ್ತು.

ಮಾತು ಬೇಕಾದರೆ ಗಿರಾಕಿಯ ಮೂಲಕ ಆಡುತ್ತಾಳೆ. ಇವತ್ತು ಒಬ್ಬರು ಜಾಕೆಟ್ ತಂದಿದ್ದರು. "ಆ ಅಮ್ಮನ ಹತ್ರ ಇದಕ್ಕೆ ಜಿಪ್ ಇದೆಯಾ ಕೇಳಿ" ಅಂದಳು. ಆ ಅಮ್ಮ ಎಂದರೆ ನಾನು, ಒಂದು ಗೇಣು ದೂರದಲ್ಲಿ ಕೂತಿದ್ದೆ. ನಾನೂ ಬಿಡಲಿಲ್ಲ. "ಇದೆ, ಬಾಳಿಕೆ ಮಾತ್ರ ಹೊಲಿಯೋರ ಕೈಲಿದೆ ಅಂತ ಹೇಳಿ" ಅಂದೆ. ಆ ಮನುಷ್ಯ ಅವಳ ಮುಖ ನೋಡಿ, ನನ್ನ ಮುಖ ನೋಡಿ, ಆಮೇಲೆ ಬರಲಾ ಎಂದು ಕೇಳಿದರು.

ಫೆಬ್ರವರಿ 16, ಶುಕ್ರವಾರ

ಸದ್ಯಕ್ಕೆ ಇವತ್ತು ಫೋನ್ ಹಿಡಿದುಕೊಂಡು ಬಂದ. ಮಾಲಿನ ಇತಿಹಾಸವನ್ನು ದೊಡ್ಡ ಗೋಡೆಯ ಮೇಲೆ ಬರೆಸುತ್ತಾರಂತೆ, ಹಳಬರ ನೆನಪುಗಳನ್ನು ರೆಕಾರ್ಡ್ ಮಾಡಿಕೊಳ್ಳಬೇಕಂತೆ. ಹಳಬರು ಎಂದರೆ ಈಗ ಉಳಿದಿರುವುದು ನಾವಿಬ್ಬರೇ.

ಮೊದಲಿಂದ ಹೇಳಿದೆ. ಇಲ್ಲಿ ತಗಡಿನ ಮಾರ್ಕೆಟ್ಟು ಇತ್ತು. ಉದ್ದನೆಯ ಒಂದು ಓಣಿ, ಎರಡೂ ಬದಿ ಅಂಗಡಿ, ಮೇಲೆ ತಗಡು. ಮಳೆ ಬಂದರೆ ಚೌಕಾಸಿಯನ್ನು ಕೂಗಿ ಮಾಡಬೇಕಾಗಿತ್ತು. ಕತ್ತರಿಗೆ ಸಾಣೆ ಹಿಡಿಯುವವನು, ರೇಡಿಯೊ ರಿಪೇರಿಯವನು, ಕದ್ದರೂ ಪ್ರಯೋಜನವಾಗಬಾರದೆಂದು ಎಡಗಾಲಿನ ಚಪ್ಪಲಿಗಳನ್ನಷ್ಟೇ ಹೊರಗೆ ತೂಗುಹಾಕುತ್ತಿದ್ದ ಚಪ್ಪಲಿಯವನು. ಓಣಿಯ ಬಾಯಲ್ಲೇ ಮಾವನ ಅಂಗಡಿ. ಕಂಪನಿಯವರು ಬಂದು ಎಲ್ಲರಿಗೂ ಒಳಗೆ ಜಾಗ ಕೊಡುತ್ತೇವೆ ಎಂದರು. ಕೊಟ್ಟರು ಕೂಡ, ಸುಳ್ಳು ಹೇಳಬಾರದು. ನೆಲಮಹಡಿ, ಮುಖ್ಯ ಬಾಗಿಲಿನ ಎದುರು. ಮೊದಲ ವರ್ಷ ಊರಿಗೆ ಊರೇ ಬಂತು, ಕೊಳ್ಳುವುದಕ್ಕಲ್ಲ, ಚಲಿಸುವ ಮೆಟ್ಟಿಲು ಹತ್ತಿ ಇಳಿಯುವುದಕ್ಕೆ. ಹೆದರಿದವರು ನಮ್ಮ ಅಂಗಡಿಯ ಮುಂದೆ ನಿಂತು ಧೈರ್ಯ ತಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಂದಿಷ್ಟು ಗುಂಡಿ ಮಾರಾಟವಾಗುತ್ತಿತ್ತು.

ಆಮೇಲೆ ಸೆಂಟಿನ ಕಂಪನಿಗೆ ಆ ಜಾಗ ಬೇಕಾಯಿತು, ನಾವು ಎರಡನೇ ಮಹಡಿಗೆ ಹೋದೆವು. ಮೇಲೆ ಸಿನಿಮಾ ಬಂತು, ನನ್ನ ನೂಲಿನ ಉಂಡೆಗಳೆಲ್ಲ ಪಾಪ್‌ಕಾರ್ನ್ ನಾತ ಹೊಡೆದವು. ಎರಡನೇ ಕಟ್ಟಡ ಎದ್ದಿತು, ನಡುವೆ ಗಾಜಿನ ಸೇತುವೆ ಬಂತು, ನಾವಿದ್ದದ್ದು 'ಹಳೇ ಬ್ಲಾಕ್' ಆಯಿತು. ಆಮೇಲೆ ನೆಲಮಾಳಿಗೆ, ಕಾರು ನಿಲ್ಲಿಸುವ ಜಾಗದ ಪಕ್ಕ. ಮಾಲು ಮೇಲೆ ಮೇಲೆ ಬೆಳೆಯಿತು, ನಾವು ನೆಲದಡಿಗೆ ಇಳಿದೆವು. ಪ್ರತಿ ಸಲವೂ ಹಳಬರಲ್ಲಿ ಕೆಲವರು ಸಾಮಾನು ಕಟ್ಟಿದರು, ಮತ್ತೆ ಬಿಚ್ಚುವ ಮನಸ್ಸಿಲ್ಲದೆ ಹಾಗೇ ಮನೆಗೆ ಹೋದರು. ನಮ್ಮದು ಅಂಗಡಿಯಲ್ಲಪ್ಪ, ಎತ್ತಂಗಡಿ ಎಂದೆ. ಸದ್ಯಕ್ಕೆ ನಗಲಿಲ್ಲ. ಪಕ್ಕದಲ್ಲಿ ಮಿಶನ್ನು ನಿಂತಿತು. ಅವಳು ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಹಳೇ ಓಣಿಯಲ್ಲಿ ಹಾಸಿಗೆ ಅಂಗಡಿಯ ಪಕ್ಕದಲ್ಲಿ ಗಡಿಯಾರದವನಿದ್ದ ಎಂದೆನೋ ಇಲ್ಲವೋ, ಅವಳು ಸದ್ಯಕ್ಕೆಯ ಕಡೆ ತಿರುಗಿ, "ಗಡಿಯಾರದವನು ಎದುರುಸಾಲು. ಹಾಸಿಗೆಯವನ ಪಕ್ಕ ಕನ್ನಡಿ ಮಾರೋಳು ಇದ್ಲು ಅಂತ ಆ ಅಮ್ಮನಿಗೆ ನೆನಪು ಮಾಡಿ" ಅಂದಳು. ಪಿತ್ತ ನೆತ್ತಿಗೇರಿತು. ಮನೆಗೆ ಬಂದು ಇವರನ್ನು ಕೇಳಿದರೆ, ಕನ್ನಡಿಯವಳೇ ಅಂತೆ.

ಮಾರ್ಚ್ 2, ಶನಿವಾರ

ನೀವಿಬ್ಬರೂ ಅಕ್ಕತಂಗಿಯರಾ ಎಂದು ಕೇಳಿದವರು ಇವತ್ತು ಮೂರು ಜನ. ಮುಖ ಒಂದೇ ಥರ ಇದೆಯಂತೆ. ಇಬ್ಬರೂ ದಿನವಿಡೀ ಮುಖ ಗಂಟಿಕ್ಕಿಕೊಂಡು ಕೂತರೆ ಇನ್ನೇನಾಗುತ್ತದೆ.

ಮಾರ್ಚ್ 14, ಗುರುವಾರ

ಒಂದು ಸೂಜಿಗೆ ದಾರ ಪೋಣಿಸುವುದು ಎಷ್ಟು ಹೊತ್ತಿನ ಕೆಲಸ? ಅವಳು ಸೂಜಿಯನ್ನು ದೀಪಕ್ಕೆ ಹಿಡಿಯುತ್ತಾಳೆ, ಕಣ್ಣು ಕಿರಿದು ಮಾಡುತ್ತಾಳೆ, ದಾರ ನೆಕ್ಕುತ್ತಾಳೆ, ಸೂಜಿಯ ಪಕ್ಕದ ಗಾಳಿಗೆ ಚುಚ್ಚುತ್ತಾಳೆ, ಮತ್ತೆ ನೆಕ್ಕುತ್ತಾಳೆ. ಪಕ್ಕದಲ್ಲಿ ಕೂತು ನೋಡುವ ನನಗೆ ಕೈ ತುರಿಸುತ್ತದೆ, ಕಸಿದುಕೊಂಡು ಪೋಣಿಸಿಬಿಡಲಾ ಅಂತ. ಗಿರಾಕಿ ಕಾಯುತ್ತಾರೆ, ಗಿರಾಕಿ ಕಾದರೆ ನಮ್ಮ ಮುಂದೆ ಜಾಗ ಇರುವುದಿಲ್ಲ, ಜಾಗ ಇಲ್ಲದಿದ್ದರೆ ನನ್ನ ಗಿರಾಕಿ ಮುಂದೆ ಹೋಗಿಬಿಡುತ್ತಾರೆ.

ನಾಳೆ ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ಕಪ್ಪು, ಬಿಳಿ, ನೀಲಿ, ಕಂದು ದಾರಗಳನ್ನು ಸೂಜಿಗಳಿಗೆ ಪೋಣಿಸಿ ಅವಳ ಪುಟ್ಟ ಸೂಜಿದಿಂಬಿಗೆ ಚುಚ್ಚಿಡುತ್ತೇನೆ. ಅವಳಿಗಾಗಿ ಅಲ್ಲ. ನನಗೆ ಬಿ.ಪಿ. ಇದೆ.

ಮಾರ್ಚ್ 15, ಶುಕ್ರವಾರ

ಅವಳು ಏನೂ ಕೇಳಲಿಲ್ಲ. ಆ ಸೂಜಿಗಳು ತಾವಾಗಿಯೇ ದಿಂಬಿನಿಂದ ಬೆಳೆದಿವೆಯೇನೋ ಎಂಬಂತೆ ಒಂದೊಂದೇ ಕಿತ್ತುಕೊಂಡು ಹೊಲಿದಳು. ಥ್ಯಾಂಕ್ಸ್ ಹೇಳುವ ಅಭ್ಯಾಸ ಆ ಕಡೆ ಇಲ್ಲ. ಮಧ್ಯಾಹ್ನ ನನ್ನ ಟೀ ಲೋಟದ ಪಕ್ಕ ಎರಡು ಬಿಸ್ಕತ್ತು ಇದ್ದವು. ಯಾರು ಇಟ್ಟರೋ. ತಿಂದೆ.

ಮಾರ್ಚ್ 28, ಗುರುವಾರ

ಬೆನ್ನು ಬಿದ್ದುಹೋಗಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಸದ್ಯಕ್ಕೆ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ತಳ್ಳಿಸಿಕೊಂಡು ಬಂದ. ಸಮಾರಂಭಕ್ಕೆಂದು ಕ್ಲೀನಿಂಗಿನವರಿಗೆ, ಸೆಕ್ಯುರಿಟಿಯವರಿಗೆ ಹೊಸ ಬಿಳಿ ಶರ್ಟು ತರಿಸಿದ್ದಾರೆ. ಗುಂಡಿ ದೊಡ್ಡದು, ಕಾಜಾ ಚಿಕ್ಕದು. ಒಂದೂ ತೂರುವುದಿಲ್ಲ. ಎಲ್ಲ ಕಿತ್ತು ಸಣ್ಣ ಗುಂಡಿ ಹೊಲಿಯಬೇಕು, ತೋಳೂ ಇಳಿಸಬೇಕು, ಶನಿವಾರ ಫೋಟೋ ತೆಗೆಯುತ್ತಾರಂತೆ. ನಮ್ಮನ್ನು ಮೂಲೆಗೆ ಒತ್ತಿದವರಿಗೆ ಈಗ ಮೂಲೆಯ ನೆನಪಾಯಿತು. ಆಗಲ್ಲ ಅನ್ನೋಣವೆಂದು ಬಾಯಿ ತೆರೆದೆ. ಅವಳು ಆಗುತ್ತೆ ಅಂದುಬಿಟ್ಟಳು.

ನಾನು ಕೀಳುವುದು, ಅವಳು ಹೊಲಿಯುವುದು. ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಆಮೇಲೆ ಅವಳು ಹೊಲಿದಿಟ್ಟ ಶರ್ಟುಗಳನ್ನು ಮಡಿಸಲು ತೆಗೆದರೆ, ಗುಂಡಿಗಳು ಸೊಟ್ಟ. ಒಂದು ಮೇಲೆ, ಒಂದು ಕೆಳಗೆ. ಒಂದು ಶರ್ಟಿನಲ್ಲಂತೂ ಸೂಜಿ ಗುಂಡಿಯ ತೂತಿಗೆ ಬಿದ್ದೇ ಇಲ್ಲ, ಗುಂಡಿಯ ಸುತ್ತ ದಾರ ಸುತ್ತಿಕೊಂಡಿತ್ತು. ಬೇಕೆಂದೇ ಮಾಡಿದ್ದಾಳೆ ಎಂದುಕೊಂಡೆ. ನನ್ನ ಗುಂಡಿಗೆ ಕೆಟ್ಟ ಹೆಸರು ತರಬೇಕೆಂದು. ಗಿರಾಕಿ ಯಾರೂ ಇರಲಿಲ್ಲ, ನಡುವೆ ಇಟ್ಟುಕೊಂಡು ಮಾತಾಡುವುದಕ್ಕೆ. ನೇರವಾಗಿಯೇ ಕೇಳಿದೆ.

"ಇದೇನಿದು? ಹೊಲಿಗೆನಾ ಇದು?"

ಅವಳು ತಲೆ ಎತ್ತಲಿಲ್ಲ. ಶರ್ಟನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಬೆರಳಿನಿಂದ ಗುಂಡಿಯನ್ನು ತಡವುತ್ತಾ ಕೂತಳು.

"ಬಿಳಿ ಮೇಲೆ ಬಿಳಿ ದಾರ ಕಾಣ್ತಿಲ್ಲ ಅಕ್ಕ. ಸುಮಾರು ದಿನ ಆಯ್ತು. ಯಾರಿಗೂ ಹೇಳ್ಬೇಡಿ, ಇರೋ ಕೆಲಸನೂ ಹೋಗುತ್ತೆ."

ಲಿಫ್ಟು ಬಂದು 'ಮೂರನೇ ಮಹಡಿ' ಎಂದು ಹೇಳಿ ಹೋಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊದಲೇ ಬಾಯಿ ಬಿಟ್ಟಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತಿತ್ತು. ಅವಳ ಕೈಯಿಂದ ಸೂಜಿ ಕಿತ್ತುಕೊಂಡೆ, ನೀನು ತೋಳು ಇಳಿಸು, ಮಿಶನ್ನಿಗೆ ಕಣ್ಣು ಬೇಡ, ನಿನ್ನ ಕೈಗೇ ಗೊತ್ತಿದೆ ಅಂದೆ. ಸೊಟ್ಟ ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ನಾನೇ ಹೊಲಿದೆ. ನನಗೆ ಹೊಲಿಗೆ ಕಂಡರಾಗುವುದಿಲ್ಲ.

ಏಪ್ರಿಲ್ 3, ಬುಧವಾರ

ಅರ್ಧ ದಿನ ಅಂಗಡಿ ಮುಚ್ಚಿ ಅವಳನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋಗಿದ್ದೆ. ಬರುವುದಿಲ್ಲ ಎಂದು ಹಟ ಮಾಡಿದಳು. ನೀನು ಬಾರದಿದ್ದರೆ ಸೂಜಿ ಪೋಣಿಸುವುದು ನಿಲ್ಲಿಸುತ್ತೇನೆ ಎಂದ ಮೇಲೆ ಎದ್ದಳು. ಅಂದರೆ ಇಷ್ಟು ದಿನ ಯಾರು ಪೋಣಿಸುತ್ತಿದ್ದರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡೂ ಕಣ್ಣಿಗೆ ಪೊರೆ. ಎಡಗಣ್ಣು ಮೊದಲು, ಆಪರೇಶನ್ನು ಜೂನ್‌ನಲ್ಲಿ. ಅವಳ ಮಗಳು ದೂರದೂರಿನಲ್ಲಿ ಬಾಣಂತಿ, ಅವಳಿಗೆ ಈಗಲೇ ತಿಳಿಸುವುದು ಬೇಡವಂತೆ. ಜೊತೆಯಲ್ಲಿ ಬಂದವರು ಯಾರು, ಏನಾಗಬೇಕು ಎಂದು ನರ್ಸ್ ಕೇಳಿದರು. ಓರಗಿತ್ತಿ ಎಂದೆ. ಅವಳು ಅದೇ ಹೊತ್ತಿಗೆ ಅಕ್ಕ ಎಂದಳು. ಆ ನರ್ಸ್ ಯಾವುದನ್ನು ಬರೆದುಕೊಂಡರೋ.

ಏಪ್ರಿಲ್ 19, ಶುಕ್ರವಾರ

ಸದ್ಯಕ್ಕೆ ನನ್ನೊಬ್ಬಳನ್ನೇ ಆಫೀಸಿಗೆ ಕರೆಸಿದ. ಕುರ್ಚಿ ಕೊಟ್ಟ, ನೀರು ಕೊಟ್ಟ. ಇಷ್ಟು ಮರ್ಯಾದೆ ನೋಡಿಯೇ ಅನುಮಾನ ಬಂತು.

ನೆಲಮಾಳಿಗೆ ಇನ್ನು ಪೂರ್ತಿ ಪಾರ್ಕಿಂಗ್. ಅಂಗಡಿಗಳು ವಾಪಸ್ ಬರುವುದಿಲ್ಲ. ಹೊಸ ಕಟ್ಟಡದ ನೆಲಮಹಡಿಯಲ್ಲಿ, ಮುಂಬಾಗಿಲಿನ ಹತ್ತಿರವೇ, ಗಾಜಿನ ಮುಖದ ಒಂದು ಸಣ್ಣ ಅಂಗಡಿಯನ್ನು ಹಳಬರಿಗೆಂದು ಇಟ್ಟಿದ್ದಾರಂತೆ. ಗೋಡೆ, ಬೀಗ, ಸ್ವಂತ ಬೋರ್ಡು, ಎಲ್ಲ. ಅದು ನನಗೆ. ಗುಂಡಿ ಡಬ್ಬಗಳು ನೋಡುವುದಕ್ಕೆ ಬಣ್ಣ ಬಣ್ಣವಾಗಿ ಚೆನ್ನಾಗಿ ಕಾಣುತ್ತವಂತೆ. ಅವಳಿಗೆ ಇಲ್ಲ. ಬಟ್ಟೆ ಆಲ್ಟರೇಶನ್ ಕೆಲಸವನ್ನು ಯಾವುದೋ ಕಂಪನಿಗೆ ವಹಿಸಿಕೊಟ್ಟಿದ್ದಾರಂತೆ, ಇಡೀ ಮಾಲಿಗೆ ಅವರೇ.

"ಅವರಿಗೆ ನೀವೇ ಹೇಳ್ಬಿಡಿ" ಅಂದ. "ಮನೆಯವರೇ ಅಲ್ವಾ."

ಯೋಚಿಸಿ ಸೋಮವಾರ ಹೇಳುತ್ತೇನೆ ಎಂದು ಬಂದೆ. ಗೂಡಂಗಡಿಗೆ ಬಂದರೆ ಅವಳು, ಏನಂತೆ ಎಂದು ಕೇಳಿದಳು. ದೀಪ ಸರಿ ಮಾಡಿಸ್ತಾರಂತೆ ಅಂದೆ. ಅವಳು ಮತ್ತೆ ಅರ್ಧ ಸಾಲು ಗುನುಗಲು ಶುರು ಮಾಡಿದಳು.

ಮನೆಯಲ್ಲಿ ಇವರು ಈ ಸಲ ತಮಾಷೆ ಮಾಡಲಿಲ್ಲ. "ನೆಲಮಹಡಿನೂ ಸಿಗ್ತಿದೆ, ನಡುವೆ ಗೋಡೆನೂ ಸಿಗ್ತಿದೆ. ನೀನು ಕೇಳ್ತಿದ್ದಿದ್ದೇ ಇದನ್ನ ಅಲ್ವಾ?" ಅಂದರು. ಹೌದು ಎಂದೆ. ಹೌದೆಂದ ಮೇಲೂ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಅದಕ್ಕೂ ಸಿಟ್ಟು ಬಂತು.

ಏಪ್ರಿಲ್ 20, ಶನಿವಾರ

ಏನೂ ತೋಚುತ್ತಿಲ್ಲ. ಡ್ರಿಲ್ಲಿನ ಸದ್ದು.

ಏಪ್ರಿಲ್ 22, ಸೋಮವಾರ

ಹೇಳಿ ಬಂದೆ.

ಕಾರಣ ಬಹಳ ಸರಳ. ಮಿಶನ್ನು ಪಕ್ಕದಲ್ಲಿಲ್ಲದಿದ್ದರೆ ಜಿಪ್ಪು ಯಾರು ಕೊಳ್ಳುತ್ತಾರೆ? ಹಾಕಿಸಿಕೊಳ್ಳಲು ಅವರು ಎಲ್ಲಿ ಅಲೆಯಬೇಕು? ಈ ಎರಡು ತಿಂಗಳಲ್ಲಿ ಜಿಪ್ಪು ಹೋದಷ್ಟು ನೆಲಮಾಳಿಗೆಯಲ್ಲಿ ವರ್ಷಕ್ಕೂ ಹೋಗಿರಲಿಲ್ಲ. ಇದು ವ್ಯಾಪಾರದ ಮಾತು, ಬೇರೇನೂ ಅಲ್ಲ. ಹಾಗೆಂದೇ ಅವನಿಗೂ ಹೇಳಿದೆ. ಕೊಟ್ಟರೆ ಇಬ್ಬರಿಗೂ ಸೇರಿಸಿ ಆ ಒಂದೇ ಅಂಗಡಿ ಕೊಡಿ, ಮಿಶನ್ನು ಒಳಗಡೆ ಮೂಲೆಯಲ್ಲಿ ಇರಲಿ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದೆ.

ಅವನು ಪೆನ್ನು ಕೆಳಗಿಟ್ಟ. "ಆಗಲ್ಲಮ್ಮ. ಇದು ಫೈನಲ್."

ಬಂದಾಗಿನಿಂದ ಅವನು 'ಸದ್ಯಕ್ಕೆ' ಇಲ್ಲದೆ ಆಡಿದ ಮೊದಲ ಮಾತು ಅದೇ ಇರಬೇಕು.

"ಹಾಗಾದ್ರೆ ನಂದೂ ಫೈನಲ್" ಅಂದೆ.

ಆಡುವಾಗ ಗಟ್ಟಿಯಾಗಿಯೇ ಆಡಿದೆ. ಹೊರಗೆ ಬಂದವಳು ಗಾಜಿನ ಸೇತುವೆಯ ನಡುವೆ ನಿಂತೆ. ಕೆಳಗೆ ಜನ, ಚೀಲಗಳು, ಅಳುವ ಮಕ್ಕಳು, ಬೆಳಕು. ಇಪ್ಪತ್ತೈದು ವರ್ಷ ಇದರೊಳಗೆ ಉಸಿರಾಡಿದ್ದೇನೆ. ಇದನ್ನು ಬೈಯದ ದಿನವಿಲ್ಲ, ಇದಿಲ್ಲದ ದಿನ ಹೇಗಿರುತ್ತದೆಂದು ಯೋಚಿಸಿದ್ದೂ ಇಲ್ಲ.

ಅವಳಿಗೆ ಹೇಳಿದರೆ ಕೃತಜ್ಞತೆ ಎಲ್ಲಿ ಬಂತು, ನನ್ನ ಮೇಲೇ ಹರಿಹಾಯ್ದಳು.

"ನನ್ನ ಒಂದು ಮಾತು ಕೇಳ್ದೆ ಯಾಕೆ ಬಿಟ್ಟುಕೊಟ್ರಿ? ನಾಳೆ ನನ್ನ ಕಣ್ಣು ಸರಿಹೋಗದೇ ಇದ್ರೆ ಏನ್ಮಾಡ್ತೀರಿ?"

"ನನಗೆ ಎರಡು ಇವೆಯಲ್ಲ" ಅಂದೆ. "ಸಾಕಾಗುತ್ತೆ."

ಅವಳು ಮಿಶನ್ನಿಗೆ ತಿರುಗಿ ಜೋರಾಗಿ ತುಳಿದಳು. ಬಹಳ ಹೊತ್ತು ತುಳಿದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಮೇ 11, ಶನಿವಾರ

ಸಮಾರಂಭ. ಬೆಲೂನು, ಭಾಷಣ, ನಾವು ಗುಂಡಿ ಹೊಲಿದ ಶರ್ಟು ತೊಟ್ಟ ಸೆಕ್ಯುರಿಟಿಯವರು. ಯಾರ ಗುಂಡಿಯೂ ಕಿತ್ತುಬರಲಿಲ್ಲ. ಗೂಡಂಗಡಿ ಬಿಡಲು ನಮಗೆ ತಿಂಗಳ ಕೊನೆಯವರೆಗೆ ಗಡುವು. ಸಾಮಾನು ಕಟ್ಟುವುದು ಬಿಟ್ಟು ಅವಳು, ಗೋಡೆ ನೋಡಬೇಕು ಎಂದು ಪೀಡಿಸಿದಳು. ನೋಡುವುದೇನು, ಅವಳಿಗೆ ಎದುರಿನ ಕಂಬವೇ ಸರಿಯಾಗಿ ಕಾಣುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಗೋಡೆ ದೊಡ್ಡದಾಗಿಯೇ ಇತ್ತು. ಕಟ್ಟಡಗಳ ಚಿತ್ರ, ಸೇತುವೆಯ ಚಿತ್ರ, ಸಿನಿಮಾದ ಚಿತ್ರ, ಕೆಳಗೆ ಹೊಳೆಯುವ ಅಕ್ಷರ. ಮೊಟ್ಟಮೊದಲ ಸಾಲು: 'ಮುಳ್ಳುಗಿಡಗಳು ಬೆಳೆದ ಖಾಲಿ ಜಾಗವೊಂದರಲ್ಲಿ ಕನಸೊಂದು ಚಿಗುರಿತು.' ಮಾರ್ಕೆಟ್ಟು ಇಲ್ಲ. ಓಣಿ ಇಲ್ಲ. ಮಾವ ಇಲ್ಲ. ಅಷ್ಟು ಹೊತ್ತು ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡದ್ದು ಯಾರ ಹೊಟ್ಟೆಗೆ ಹೋಯಿತೋ. ಕೊನೆಯವರೆಗೆ ಹುಡುಕಿದೆ. ಮುಳ್ಳುಗಿಡವಂತೆ.

ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳಿಗೆ ಬಣ್ಣ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

"ಏನಂತ ಬರೆದಿದಾರಕ್ಕ? ಓದಿ."

ಓದಿದೆ. ಇಲ್ಲಿ ತಗಡಿನ ಮಾರ್ಕೆಟ್ಟು ಇತ್ತು ಎಂದು ಓದಿದೆ. ಸಾಣೆಯವನನ್ನು ಓದಿದೆ, ರೇಡಿಯೊದವನನ್ನು ಓದಿದೆ, ಎಡಗಾಲಿನ ಚಪ್ಪಲಿಗಳನ್ನು ಓದಿದೆ. ಹಾಸಿಗೆಯವನ ಪಕ್ಕದಲ್ಲಿ ಕನ್ನಡಿಯವಳನ್ನೇ ಕೂರಿಸಿದೆ. ಓಣಿಯ ಬಾಯಲ್ಲಿ ಗುಂಡಿ ಅಂಗಡಿ, ಅದರ ಯಜಮಾನರಿಗೆ ಇಬ್ಬರು ಗಂಡುಮಕ್ಕಳು, ಶಾಲೆ ಬಿಟ್ಟ ಕೂಡಲೇ ಬಂದು ಒಂದೇ ಡಬ್ಬಕ್ಕೆ ಇಬ್ಬರೂ ಕೈ ಹಾಕಿ ಗುಂಡಿ ವಿಂಗಡಿಸುತ್ತಿದ್ದರು, ಚಿಕ್ಕವನು ಬಣ್ಣ ತಪ್ಪಿಸಿದರೆ ದೊಡ್ಡವನು ಸದ್ದಿಲ್ಲದೆ ಸರಿಮಾಡುತ್ತಿದ್ದ. ಅವಳು ನನ್ನ ತೋಳು ಹಿಡಿದುಕೊಂಡಳು. ನಿಲ್ಲಿಸಬೇಕೆಂದುಕೊಂಡೆ, ಬಾಯಿ ನಿಲ್ಲಲಿಲ್ಲ.

"ಆಮೇಲೆ ಆ ಮನೆಗೆ ಇಬ್ಬರು ಸೊಸೆಯರು ಬಂದರು. ಕಿರಿಯವಳು ಮಿಶನ್ನಿನ ಮುಂದೆ ಕೂತಳು. ಅವಳು ಹಾಕಿದ ಹೊಲಿಗೆ ಬಿಚ್ಚಿದ್ದನ್ನು ಈವರೆಗೆ ಯಾರೂ ನೋಡಿಲ್ಲ."

"ನಂದೂ ಬರೆದಿದಾರಾ?"

"ಬರೆದಿದಾರೆ."

"ಹಿರಿಯವಳದ್ದು?"

"ಜಿಪ್ ಮಾರ್ತಿದ್ಲು ಅಂತಷ್ಟೇ ಇದೆ. ನಡಿ, ಕೆಲಸ ಇದೆ."

ಪಕ್ಕದಲ್ಲಿ ನಿಂತಿದ್ದ ಇಬ್ಬರು ಗೋಡೆಯನ್ನೂ ನನ್ನನ್ನೂ ನೋಡುತ್ತಿದ್ದರು. ನೋಡಲಿ. ಸರಿಯಾಗಿ ಓದಿದ್ದರೆ ಇವಳು ಅಲ್ಲೇ ಅಳುತ್ತಾ ನಿಲ್ಲುತ್ತಿದ್ದಳು, ಅಷ್ಟು ಜನರ ನಡುವೆ ಸಮಾಧಾನ ಮಾಡುವ ಗೋಳು ನನಗೆ ಬೀಳುತ್ತಿತ್ತು. ಅದನ್ನು ತಪ್ಪಿಸಿಕೊಂಡೆ, ಅಷ್ಟೇ.

ಮೇ 31, ಶುಕ್ರವಾರ

ಖಾಲಿ ಮಾಡಿದೆವು. ಮಾಲಿನ ಹಿಂಭಾಗದ ಬೀದಿಯಲ್ಲಿ, ಕೆಲಸದವರು ಬಂದು ಹೋಗುವ ಗೇಟಿನ ಎದುರು, ಮೊದಲು ಝೆರಾಕ್ಸ್ ಅಂಗಡಿಯಾಗಿದ್ದ ಕೋಣೆ ಸಿಕ್ಕಿದೆ. ಕ್ಲೀನಿಂಗಿನ ಹೆಂಗಸೊಬ್ಬಳು ಹುಡುಕಿಕೊಟ್ಟಳು. ಒಂದೇ ಕೋಣೆ. ಬೇಕಾದರೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿಕೊಡುತ್ತೇನೆ ಎಂದು ಕಟ್ಟಡದ ಮಾಲೀಕರು ಹೇಳಿದರು. ಹಲಗೆ ಹೊಡೆದರೆ ಗಾಳಿ ಆಡುವುದಿಲ್ಲ. ಬೇಡವೆಂದೆ.

ಇವರು ಮಂಡಿ ಹಿಡಿದುಕೊಂಡೇ ಬಂದು ಮಿಶನ್ನು ಎಲ್ಲಿಡಬೇಕೆಂದು ಎಲ್ಲರಿಗೂ ಅಪ್ಪಣೆ ಕೊಟ್ಟರು. ಇವರು ಹೇಳಿದ ಜಾಗದಲ್ಲಿ ಯಾರೂ ಇಡಲಿಲ್ಲ. ಬೆಳಕು ಕಿಟಕಿಯ ಹತ್ತಿರ ಇದೆ, ಅಲ್ಲಿಟ್ಟೆವು. ನನ್ನ ಡಬ್ಬಗಳು ಕತ್ತಲೆಯ ಬದಿಗೆ ಬಂದವು. ಗುಂಡಿಗೆ ಬೆಳಕು ಯಾಕೆ.

ಜೂನ್ 13, ಗುರುವಾರ

ಅವಳ ಎಡಗಣ್ಣಿನ ಪಟ್ಟಿ ಬಿಚ್ಚಿದರು. ನಾನೇ ಎದುರಿಗೆ ಕೂತಿದ್ದೆ. ಡಾಕ್ಟರು, ನಿಧಾನವಾಗಿ ಕಣ್ಣು ತೆರೆದು ಮುಂದೆ ನೋಡಿ ಎಂದರು. ತೆರೆದಳು. ನೀರು ಸುರಿಸುತ್ತಾ ನನ್ನನ್ನೇ ನೋಡಿದಳು, ಬಹಳ ಹೊತ್ತು.

"ಇಷ್ಟೊಂದು ವಯಸ್ಸು ಯಾವಾಗಾಯ್ತಕ್ಕಾ ನಿಂಗೆ?"

ಡಾಕ್ಟರು ನಕ್ಕರು. ಆಪರೇಶನ್ನಿಗೆ ಓಡಾಡಿದ್ದಕ್ಕೆ, ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಿದ್ದಕ್ಕೆ ಇದು ಬಹುಮಾನ. ನಿನಗೂ ಅಷ್ಟೇ ಆಗಿದೆ, ಮನೆಗೆ ಹೋಗಿ ಕನ್ನಡಿ ನೋಡಿಕೋ ಎಂದೆ. ದಾರಿಯುದ್ದಕ್ಕೂ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಬಂದಳು. ಒಂದನ್ನೂ ಬಿಡಲಿಲ್ಲ. ನಾನು ಸುಮ್ಮನಿರು ಎಂದಷ್ಟೂ ಜೋರಾಗಿ ಓದಿದಳು.

ಜೂನ್ 29, ಶನಿವಾರ

ವ್ಯಾಪಾರ ಪರವಾಗಿಲ್ಲ. ಎದುರಿನ ಗೇಟಿನಿಂದ ಬರುವವರೆಲ್ಲ ಹರಿದದ್ದು, ಬಿಚ್ಚಿದ್ದು, ಬಿಗಿಯಾದದ್ದು ತರುತ್ತಾರೆ. ಮಾಲಿನೊಳಗಿನ ಕಂಪನಿಯವರು ಒಂದು ಪ್ಯಾಂಟಿನ ಅಂಚಿಗೆ ವಾರ ಕಾಯಿಸುತ್ತಾರಂತೆ. ಅವರಲ್ಲಿಗೆ ಹೋಗಿ ಬೇಸತ್ತವರೂ ರಸ್ತೆ ದಾಟಿ ಬರುತ್ತಾರೆ.

ಮಧ್ಯಾಹ್ನ ಅವಳು, ಈಗ ಬಂದೆ ಎಂದು ಹೇಳಿ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಪ್ಯಾಂಟು ತಂದ ಹೆಂಗಸೊಬ್ಬರು ಕಾಯುತ್ತಾ ನಿಂತಿದ್ದರು, ನನಗೆ ಬೈಸಿಕೊಳ್ಳುವ ಯೋಗ. ಕೊನೆಗೆ ಬಂದಳು. ಬಂದವಳು ಮಿಶನ್ನಿನ ಮುಂದೆ ಕೂರದೆ ನನ್ನ ಎದುರಿಗೆ ನಿಂತಳು.

"ಗೋಡೆ ನೋಡ್ಕೊಂಡು ಬಂದೆ" ಅಂದಳು.

ನಾನು ಗುಂಡಿ ವಿಂಗಡಿಸುತ್ತಿದ್ದೆ. ವಿಂಗಡಿಸುತ್ತಲೇ ಇದ್ದೆ.

"ಮುಳ್ಳುಗಿಡ ಇತ್ತು ಅಂತ ಬರೆದಿದಾರೆ. ಮೊದಲಿಂದ ಕೊನೇವರೆಗೂ ಎರಡು ಸಲ ಓದಿದೆ. ನಮ್ಮದೇನೂ ಇಲ್ಲ."

ಬೈಯುತ್ತಾಳೆ ಎಂದುಕೊಂಡೆ, ಇಲ್ಲವಾದರೆ ಅಳುತ್ತಾಳೆ. ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು.

"ಇನ್ನೊಂದ್ಸಲ ಓದಕ್ಕಾ."

ಓದುವುದಕ್ಕೆ ಇಲ್ಲೇನಿದೆ? ಎದುರಿಗೆ ಝೆರಾಕ್ಸ್‌ನವನು ಬಿಟ್ಟುಹೋದ ಮೊಳೆಗಳಿರುವ ಬೋಳು ಗೋಡೆ. ಗಿರಾಕಿ ಬೇರೆ ಪ್ಯಾಂಟು ಹಿಡಿದು ನಿಂತಿದ್ದಾರೆ. ಕೆಲಸದ ಹೊತ್ತಿನಲ್ಲಿ ಈ ಹುಚ್ಚಾಟವೆಲ್ಲ ನನಗೆ ಆಗುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿಯೇ ಹೇಳಿದೆ. ಅವಳು ಎದ್ದೇಳಲಿಲ್ಲ. ಆ ಗಿರಾಕಿಯೂ ಪ್ಯಾಂಟನ್ನು ತೋಳಿನ ಮೇಲೆ ಹಾಕಿಕೊಂಡು, ನನಗೇನೂ ಅವಸರವಿಲ್ಲ ಅಂದರು.

ಬೇರೆ ದಾರಿಯಿರಲಿಲ್ಲ. ಬೋಳು ಗೋಡೆಯ ಕಡೆ ಮುಖ ಮಾಡಿ, ಮೊದಲ ಸಾಲಿನಿಂದ ಓದಿದೆ.